ಮೊದಲು ಡಾಕ್ಟರು, ಆಮೇಲೆ ದೆವ್ವ

ಅಮೆರಿಕದ ‘ಈವಿಲ್’ ಧಾರಾವಾಹಿ ನೋಡಿದವರಿಂದ, ನೋಡಬೇಕೆಂದಿರುವವರಿಂದ ಪತ್ರಗಳು ಬಂದಿವೆ. ಕೆಲವರಿಗೆ ಕಥೆಯ ಕುತೂಹಲ, ಕೆಲವರಿಗೆ ಮನೆಯೊಳಗಿನ ಚಿಂತೆ. ಎರಡೂ ಬಗೆಯ ಪ್ರಶ್ನೆಗಳಿಗೆ ನಮ್ಮ ಮನೋವೈದ್ಯ ಅಂಕಣಕಾರರು ಉತ್ತರಿಸಿದ್ದಾರೆ.

● ‘ಈವಿಲ್’ ನೋಡು ನೋಡು ಅಂತ ಮಗ ಪ್ರಾಣ ತಿನ್ನುತ್ತಿದ್ದಾನೆ. ಅದು ದೆವ್ವದ ಕಥೆಯೋ, ಪತ್ತೇದಾರಿಯೋ? ರಾತ್ರಿ ಒಬ್ಬಳೇ ಕೂತು ನೋಡಬಹುದೇ?
— ಎಸ್. ವಿ., ದಾವಣಗೆರೆ

ಎರಡೂ ಹೌದು, ನಡುನಡುವೆ ನಗೆಯೂ ಇದೆ. ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ. ಒಬ್ಬಳಿಗೆ ದೆವ್ವ ಹಿಡಿದಿದೆ, ಇನ್ನೊಬ್ಬಳು ಸತ್ತು ಎದ್ದು ಕೂತಳು, ಮತ್ತೆಲ್ಲೋ ಪವಾಡವಾಯಿತು ಎಂದು ಕ್ಯಾಥೊಲಿಕ್ ಚರ್ಚಿಗೆ ಅಹವಾಲು ಬಂದರೆ, ಹೋಗಿ ಪರೀಕ್ಷಿಸಿ ವರದಿ ಕೊಡಲು ಮೂವರ ತಂಡವಿದೆ. ಡೇವಿಡ್ ಅಕೋಸ್ಟಾ ಪಾದ್ರಿಯಾಗಲು ಓದುತ್ತಿರುವವನು. ಕ್ರಿಸ್ಟನ್ ಬೌಚಾರ್ಡ್ ಅಪರಾಧಿಗಳ ಮನಸ್ಸನ್ನು ಪರೀಕ್ಷಿಸುವ ಮನಶ್ಶಾಸ್ತ್ರಜ್ಞೆ, ನಾಲ್ಕು ಹೆಣ್ಣುಮಕ್ಕಳ ತಾಯಿ, ಚರ್ಚಿಗೆ ಹೋಗುವುದನ್ನು ಎಂದೋ ಬಿಟ್ಟವಳು. ಬೆನ್ ಶಕೀರ್ ಮುಸ್ಲಿಂ ಮನೆಯಲ್ಲಿ ಬೆಳೆದು ಏನನ್ನೂ ನಂಬದವನು. ಪೈಪು, ವೈರು, ಕಂಪ್ಯೂಟರು ಅವನ ಖಾತೆ. ಈ ಪಾತ್ರ ಮಾಡಿದ ಆಸಿಫ್ ಮಾಂಡ್ವಿ ಹುಟ್ಟಿದ್ದು ಮುಂಬೈಯಲ್ಲಿ.

2019ರ ಸೆಪ್ಟೆಂಬರಿನಲ್ಲಿ ಸಿಬಿಎಸ್ ವಾಹಿನಿಯಲ್ಲಿ ಶುರುವಾಗಿ, ಎರಡನೇ ಸೀಸನ್ನಿಗೆ ಪ್ಯಾರಾಮೌಂಟ್ ಪ್ಲಸ್‌ಗೆ ಹೋಗಿ, 2024ರ ಆಗಸ್ಟಿನಲ್ಲಿ ಮುಗಿಯಿತು. ನಾಲ್ಕು ಸೀಸನ್, 50 ಕಂತು. ಒಬ್ಬರೇ ಧಾರಾಳವಾಗಿ ನೋಡಿ. ಮಲಗುವ ಮುಂಚೆ ಮಾತ್ರ ಬೇಡ. ಕಾರಣ ಮೂರನೇ ಪತ್ರದ ಉತ್ತರದಲ್ಲಿದೆ.

● ಮೊದಲ ಕಂತಿನಲ್ಲೇ ನನಗೆ ತಲೆ ಕೆಟ್ಟಿತು. ಕ್ರಿಸ್ಟನ್ ರಾತ್ರಿ ಕಾಣುವ ಕನಸು ಜೈಲಿನಲ್ಲಿರುವ ಕೊಲೆಗಾರನಿಗೆ ಹೇಗೆ ಗೊತ್ತಾಗುತ್ತದೆ? ಇದಕ್ಕೆ ವಿಜ್ಞಾನ ಏನು ಹೇಳೀತು?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ವಿಜ್ಞಾನಕ್ಕಿಂತ ಮೊದಲು ಪೊಲೀಸರು ಹೇಳಬೇಕಾದದ್ದು ಇದೆ. ಆರ್ಸನ್ ಲೆರೂ ಎಂಬ ಸರಣಿ ಕೊಲೆಗಾರ ತನ್ನೊಳಗೆ ಪಿಶಾಚಿ ಇದೆ ಎನ್ನುತ್ತಾನೆ, ಕ್ರಿಸ್ಟನ್‌ಳ ಅತ್ಯಂತ ಖಾಸಗಿ ಕನಸಿನ ವಿವರಗಳನ್ನು ಅವಳ ಮುಖಕ್ಕೇ ಹೇಳುತ್ತಾನೆ. ನೋಡುವ ನಮಗೂ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಆದರೆ ಅವಳು ಆ ಕನಸನ್ನು ಒಬ್ಬರಿಗೆ ಹೇಳಿಕೊಂಡಿದ್ದಳು, ತನ್ನ ಚಿಕಿತ್ಸಕ ಡಾ. ಬಾಗ್ಸ್‌ಗೆ. ಅವರ ಕಚೇರಿಯಿಂದ ಆ ಟಿಪ್ಪಣಿಗಳು ಕಳವಾಗಿದ್ದವು. ಕೊಲೆಗಾರನ ಕಿವಿಗೆ ಊದಿದವನು ಲೀಲೆಂಡ್ ಟೌನ್‌ಸೆಂಡ್. ಕೋಟು ಹಾಕಿಕೊಂಡು ಮೆತ್ತಗೆ ಮಾತಾಡುವ, ಓದಿಕೊಂಡ ಮನುಷ್ಯ.

ಧಾರಾವಾಹಿಯ ಬುನಾದಿ ಇಲ್ಲಿದೆ. ‘ಇವನಿಗೆ ಹೇಗೆ ಗೊತ್ತಾಯಿತು’ ಎಂದು ಬೆರಗಾಗುವ ಮುಂಚೆ ‘ಇದು ಯಾರಿಗೆಲ್ಲ ಗೊತ್ತಿತ್ತು’ ಎಂದು ಕೇಳಬೇಕು. ಮುಖ ನೋಡಿಯೇ ಮನೆಯ ಗುಟ್ಟು ಹೇಳುವವರ ಎದುರು ಕೂತಾಗಲೂ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ಪಕ್ಕದವರೊಡನೆ ಏನೇನು ಮಾತಾಡಿದ್ದಿರಿ ಎಂದು ಒಮ್ಮೆ ನೆನಪಿಸಿಕೊಳ್ಳಿ.

● ಕ್ರಿಸ್ಟನ್‌ಗೆ ರಾತ್ರಿ ಕಾಣಿಸುವ ಜಾರ್ಜ್ ಎಂಬ ಪಿಶಾಚಿಯನ್ನು ನೋಡಿ ನನ್ನ ಮಗಳು ಅತ್ತೇಬಿಟ್ಟಳು. ಅವಳಿಗೂ ಹಾಸ್ಟೆಲಿನಲ್ಲಿ ಹಾಗೇ ಆಗುತ್ತದಂತೆ. ಎಚ್ಚರ ಇರುತ್ತದೆ, ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಯಾರೋ ಕೂತಿರುತ್ತಾರೆ. ಮದುವೆಗೆ ಬಂದ ಹುಡುಗಿ, ಹೊರಗೆ ಹೇಳುವ ಹಾಗೂ ಇಲ್ಲ.
— ಒಬ್ಬ ತಾಯಿ, ಹಾಸನ

ಅಮ್ಮ, ಹೊರಗೆ ಹೇಳಬಹುದು, ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಇದಕ್ಕೆ ನಾವು ನಿದ್ರಾ ಪಾರ್ಶ್ವವಾಯು ಎನ್ನುತ್ತೇವೆ. ಹೆಸರು ಕೇಳಿ ಹೆದರಬೇಡಿ, ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಕನಸು ಬೀಳುವ ಹಂತದ ನಿದ್ದೆಯಲ್ಲಿ ನಾವು ಕನಸಿಗೆ ತಕ್ಕಂತೆ ಎದ್ದು ಓಡದಿರಲಿ ಎಂದು ಮೆದುಳು ಸ್ನಾಯುಗಳನ್ನು ತಡೆದಿಟ್ಟಿರುತ್ತದೆ. ಒಮ್ಮೊಮ್ಮೆ ಎಚ್ಚರ ಮೊದಲು ಬಂದು, ಆ ತಡೆ ತೆಗೆಯುವುದು ಕೊಂಚ ತಡವಾಗುತ್ತದೆ. ಕಣ್ಣು ತೆರೆದಿದೆ, ಮೈ ಆಡುತ್ತಿಲ್ಲ, ಅರ್ಧ ಕನಸು ಇನ್ನೂ ಕೋಣೆಯಲ್ಲಿದೆ. ಎದೆಯ ಮೇಲೆ ಕೂತವನು ಆಗ ಕಾಣಿಸುತ್ತಾನೆ. ಕೆಲವು ಕ್ಷಣ, ಹೆಚ್ಚೆಂದರೆ ಕೆಲವು ನಿಮಿಷ, ತಾನಾಗಿ ಬಿಡುತ್ತದೆ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2011ರ ಅಧ್ಯಯನವೊಂದರ ಪ್ರಕಾರ ನೂರಕ್ಕೆ ಏಳೆಂಟು ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಹೀಗಾಗಿರುತ್ತದೆ. ವಿದ್ಯಾರ್ಥಿಗಳಲ್ಲಿ ನೂರಕ್ಕೆ ಇಪ್ಪತ್ತೆಂಟು. ಹಾಸ್ಟೆಲು, ಪರೀಕ್ಷೆ, ಹೊತ್ತಲ್ಲದ ಹೊತ್ತಿನ ನಿದ್ದೆ ಇದ್ದಲ್ಲಿ ಜಾರ್ಜ್ ಹಾಜರು.

ಕ್ರಿಸ್ಟನ್ ಮಾಡುವ ಉಪಾಯ ನೋಡಿದಿರಾ? ಕನಸಿನಲ್ಲಿ ಅಕ್ಷರ ಓದಲು ಆಗುವುದಿಲ್ಲ ಎಂಬ ಮಾತು ಹಿಡಿದು ಒಂದು ಬರಹವನ್ನು ಕೋಣೆಯಲ್ಲಿ ಅಂಟಿಸಿಕೊಳ್ಳುತ್ತಾಳೆ, ಜಾರ್ಜ್ ಬಂದಾಗ ಅದನ್ನು ಓದಲು ನೋಡುತ್ತಾಳೆ. ಈ ಪರೀಕ್ಷೆ ಎಲ್ಲರಿಗೂ ಎಲ್ಲ ಸಲವೂ ನಡೆಯುತ್ತದೆ ಎನ್ನಲಾರೆ. ಆದರೆ ಭಯಪಟ್ಟವಳ ಕೈಗೆ ಮಾಡಲು ಒಂದು ಕೆಲಸ ಸಿಕ್ಕಿತಲ್ಲ, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಮಗಳಿಗೆ ದಿನಾ ಒಂದೇ ಹೊತ್ತಿಗೆ ಮಲಗಲು ಹೇಳಿ, ಅಂಗಾತ ಮಲಗುವುದು ಬೇಡ, ಸಂಜೆಯ ಮೇಲೆ ಕಾಫಿ ಬೇಡ. ವಾರಕ್ಕೆ ಹಲವು ಸಲ ಆಗುತ್ತಿದ್ದರೆ, ಹಗಲಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

● ಇಂಥ ತಂಡ ಚರ್ಚಿನಲ್ಲಿ ನಿಜವಾಗಿಯೂ ಇದೆಯೇ? ನಾಸ್ತಿಕನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆಯೇ?
— ನಿವೃತ್ತ ಉಪನ್ಯಾಸಕ, ಮಂಗಳೂರು

ಮೂವರು ಒಟ್ಟಿಗೆ ಕಾರಿನಲ್ಲಿ ಸುತ್ತುವುದು ಕಥೆಗಾರರ ಕಲ್ಪನೆ. ಅದರ ಹಿಂದಿನ ನಿಯಮಗಳು ಮಾತ್ರ ಕಲ್ಪನೆಯಲ್ಲ. ಕ್ಯಾಥೊಲಿಕ್ ಕಾನೂನಿನ 1172ನೇ ವಿಧಿಯ ಪ್ರಕಾರ ಬಿಷಪ್ಪರ ಸ್ಪಷ್ಟ ಅನುಮತಿ ಇಲ್ಲದೆ ಯಾವ ಪಾದ್ರಿಯೂ ಭೂತೋಚ್ಚಾಟನೆ ಮಾಡುವಂತಿಲ್ಲ. 1614ರ ವಿಧಿಗ್ರಂಥವೇ ಸುಲಭಕ್ಕೆ ನಂಬಬೇಡಿ, ರೋಗವೋ ಎಂದು ನೋಡಿ ಎಂದು ಪಾದ್ರಿಗಳನ್ನು ಎಚ್ಚರಿಸಿತ್ತು. 1999ರಲ್ಲಿ ಪರಿಷ್ಕರಿಸಿದಾಗ ವೈದ್ಯರ, ಮನೋವೈದ್ಯರ ಸಲಹೆಯ ಮಾತು ಇನ್ನಷ್ಟು ಗಟ್ಟಿಯಾಯಿತು.

ಎದುರು ವಾದ ಮಾಡುವವರನ್ನು ಇಟ್ಟುಕೊಳ್ಳುವ ರೂಢಿಯೂ ಹಳೆಯದು. ಸಂತ ಪದವಿಗೆ ಹೆಸರು ಬಂದವರ ವಿರುದ್ಧ ವಾದಿಸಲೆಂದೇ 1587ರಿಂದ ಒಬ್ಬ ಅಧಿಕಾರಿಯಿದ್ದ. ಜನರ ಬಾಯಲ್ಲಿ ಅವನೇ ‘ಸೈತಾನನ ವಕೀಲ’. 1983ರಲ್ಲಿ ಎರಡನೇ ಜಾನ್ ಪಾಲ್ ಆ ವ್ಯವಸ್ಥೆಯನ್ನು ಬದಲಿಸಿದರು. ಆಮೇಲೂ ಮದರ್ ತೆರೇಸಾ ಅವರ ವಿಷಯ ಬಂದಾಗ ಕಟ್ಟಾ ನಾಸ್ತಿಕ ಕ್ರಿಸ್ಟೋಫರ್ ಹಿಚೆನ್ಸ್ ಅವರನ್ನು ಕರೆಸಿ ಸಾಕ್ಷ್ಯ ಕೇಳಿದ್ದರು. ಫ್ರಾನ್ಸಿನ ಲೂರ್ದ್‌ನಲ್ಲಿ 1883ರಿಂದ ವೈದ್ಯರ ಕಚೇರಿಯೇ ಇದೆ. ಅಲ್ಲಿ ಗುಣವಾಯಿತು ಎಂದು ದಾಖಲಾದವರು ಏಳು ಸಾವಿರಕ್ಕೂ ಹೆಚ್ಚು. 2018ರ ಹೊತ್ತಿಗೆ ಚರ್ಚು ಪವಾಡವೆಂದು ಒಪ್ಪಿದ್ದು 70. ಉಳಿದವುಗಳಲ್ಲಿ ಬಹುಪಾಲು ಕಡತಗಳಾಗಿಯೇ ಇವೆ.

ಒಂದು ತಮಾಷೆಯ ಕಾಕತಾಳೀಯ ನೋಡಿ. ‘ಈವಿಲ್’ನ ಕೊನೆಯ ಸೀಸನ್ ಶುರುವಾದದ್ದು 2024ರ ಮೇ 23ಕ್ಕೆ. ಅದಕ್ಕೆ ಆರು ದಿನ ಮೊದಲು ವ್ಯಾಟಿಕನ್ ಹೊಸ ನಿಯಮ ಹೊರಡಿಸಿತು. ದರ್ಶನ, ಕಣ್ಣೀರು ಸುರಿಸುವ ಮೂರ್ತಿ ಮುಂತಾದ ಘಟನೆಗಳನ್ನು ಬಿಷಪ್ಪರು ಪರಿಶೀಲಿಸಬೇಕು, ಆದರೆ ‘ಇದು ದೈವಿಕವೇ’ ಎಂದು ಘೋಷಿಸುವುದನ್ನು ಇನ್ನು ಮುಂದೆ ಸಾಮಾನ್ಯವಾಗಿ ಮಾಡುವಂತಿಲ್ಲ. ತಡೆಯಿಲ್ಲ ಎಂದು ಹೇಳಬಹುದು, ಎಚ್ಚರಿಸಬಹುದು, ನಿಷೇಧಿಸಬಹುದು. ಡೇವಿಡ್‌ನ ತಂಡದ ಬಹುಪಾಲು ವರದಿಗಳು ಮುಗಿಯುವುದೂ ಹೆಚ್ಚುಕಡಿಮೆ ಹೀಗೆಯೇ.

● ಹಾಗಿದ್ದರೆ ಜರ್ಮನಿಯ ಆನೆಲೀಸ್ ಮಿಶೆಲ್ ಪ್ರಕರಣದಲ್ಲಿ ಆದದ್ದೇನು? ನಿಯಮ ಇತ್ತಲ್ಲ?
— ಕೆ. ಎಂ., ಬೆಂಗಳೂರು

ಇತ್ತು, ಬಿಷಪ್ಪರ ಅನುಮತಿಯೂ ಇತ್ತು. ಬವೇರಿಯಾದ ಆ ಹುಡುಗಿಗೆ ಹದಿಹರೆಯದಲ್ಲಿ ಫಿಟ್ಸ್ ಶುರುವಾಗಿ ಅಪಸ್ಮಾರವೆಂದು ಔಷಧ ನಡೆಯುತ್ತಿತ್ತು. ಆಮೇಲೆ ವಿಕಾರ ಮುಖಗಳು ಕಾಣತೊಡಗಿದವು, ಧ್ವನಿಗಳು ಕೇಳಿಸಿದವು, ಶಿಲುಬೆ ಕಂಡರೆ ಆಗುತ್ತಿರಲಿಲ್ಲ. 1975ರ ಸೆಪ್ಟೆಂಬರಿನಿಂದ ಸುಮಾರು ಹತ್ತು ತಿಂಗಳಲ್ಲಿ ಇಬ್ಬರು ಪಾದ್ರಿಗಳು 67 ಸಲ ಉಚ್ಚಾಟನೆ ನಡೆಸಿದರು. ವೈದ್ಯರು ಚಿತ್ರದಿಂದಲೇ ಹೊರಗಾದರು. ಅವಳು ಊಟ ಬಿಟ್ಟಳು. 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ, ಅನ್ನನೀರಿಲ್ಲದೆ ತೀರಿಕೊಂಡಾಗ ಅವಳ ತೂಕ ಸುಮಾರು 30 ಕಿಲೊ. 1978ರಲ್ಲಿ ನ್ಯಾಯಾಲಯ ತಂದೆತಾಯಿ ಮತ್ತು ಇಬ್ಬರು ಪಾದ್ರಿಗಳನ್ನು ನಿರ್ಲಕ್ಷ್ಯದಿಂದಾದ ಸಾವಿಗೆ ಹೊಣೆ ಮಾಡಿತು. ಆರು ತಿಂಗಳ ಶಿಕ್ಷೆ, ಅದೂ ಅಮಾನತಿನಲ್ಲಿ.

ಅವರಲ್ಲಿ ಯಾರೂ ಅವಳನ್ನು ದ್ವೇಷಿಸಿದವರಲ್ಲ ಎಂಬುದೇ ಸಂಕಟದ ಮಾತು. ಪ್ರಾರ್ಥನೆ ಮಾಡಿದ್ದರಿಂದ ಅವಳು ಸಾಯಲಿಲ್ಲ. ಪ್ರಾರ್ಥನೆಯ ಪಕ್ಕದಲ್ಲಿ ಗ್ಲೂಕೋಸಿನ ಬಾಟಲಿ ಇರಲಿಲ್ಲವೆಂದು ಸತ್ತಳು. ‘ಈವಿಲ್’ ಧಾರಾವಾಹಿಯಲ್ಲಿ ಡೇವಿಡ್ ಜೊತೆಗೆ ಕ್ರಿಸ್ಟನ್ ಇರಲೇಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

● ನಮ್ಮದು ತಾತನ ಕಾಲದ ತೊಟ್ಟಿಮನೆ. ಹಿಂದಿನ ಕೋಣೆಗೆ ಕಾಲಿಟ್ಟರೆ ಮೈ ಜುಮ್ಮೆನ್ನುತ್ತದೆ. ಬೆನ್ ಬಂದರೆ ಏನು ಪರೀಕ್ಷೆ ಮಾಡುತ್ತಿದ್ದ?
— ಜಿ. ಎನ್., ತೀರ್ಥಹಳ್ಳಿ

ಮೊದಲು ಪಂಪು, ಫ್ಯಾನು, ಮೋಟಾರು ಎಲ್ಲಿವೆ ಎಂದು ಕೇಳುತ್ತಿದ್ದ. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಬೂದು ಬಣ್ಣದ ಆಕೃತಿ ಕಣ್ಣಂಚಿನಲ್ಲಿ ಸುಳಿಯಿತು. ಮರುದಿನ ಅವರು ಹಿಡಿಕೆ ಕೂರಿಸಲೆಂದು ಇಕ್ಕಳದಲ್ಲಿ ಸಿಕ್ಕಿಸಿಟ್ಟ ಕತ್ತಿವರಸೆಯ ಅಲಗು ತಾನಾಗಿ ನಡುಗತೊಡಗಿತು. ಹುಡುಕಿದರೆ, ಹೊಸದಾಗಿ ಹಾಕಿದ ಫ್ಯಾನು ಸೆಕೆಂಡಿಗೆ ಸುಮಾರು 19 ಕಂಪನದ, ಕಿವಿಗೆ ಕೇಳಿಸದ ಸದ್ದು ಹೊರಡಿಸುತ್ತಿತ್ತು. 1998ರಲ್ಲಿ ಅವರು ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ಎಲ್ಲ ಭೂತದ ಮನೆಗಳಿಗೂ ಇದೇ ಉತ್ತರವಲ್ಲ. ಹುಡುಕುವ ರೀತಿ ಮಾತ್ರ ಇದೇ.

ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. 1921ರಲ್ಲಿ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಕಥೆ ಬರೆದರು. ಮನೆಯವರಿಗೆಲ್ಲ ಹೆಜ್ಜೆ ಸಪ್ಪಳ, ತಲೆನೋವು, ಯಾರೋ ಬಂದು ನಿಂತ ಹಾಗೆ. ಕಾರಣ, ಕೆಟ್ಟುಹೋದ ಒಲೆಯಿಂದ ಸೋರುತ್ತಿದ್ದ ಕಾರ್ಬನ್ ಮೊನಾಕ್ಸೈಡ್. ನಮ್ಮಲ್ಲಿ ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಜೀವ ಹೋಗುವುದು ಇದೇ ಅನಿಲದಿಂದ. ಆ ಕೋಣೆಯ ಪಕ್ಕ ಗೀಸರೋ ಜನರೇಟರೋ ಇದ್ದರೆ ಇವತ್ತೇ ಕಿಟಕಿ ತೆಗೆಸಿ. ಶಾಂತಿ ಹೋಮ ಆಮೇಲೆ ಮಾಡಿಸಬಹುದು.

● ನಮ್ಮ ‘ಆಪ್ತಮಿತ್ರ’ದಲ್ಲಿ ಇದೆಲ್ಲ 2004ರಲ್ಲೇ ಬಂದಿತ್ತಲ್ಲ, ಸರ್?
— ವಿಷ್ಣು ಅಭಿಮಾನಿ, ಮೈಸೂರು

ಬಂದಿತ್ತು! ಅದಕ್ಕೂ ಮುಂಚೆ 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲಿ ಬಂದಿತ್ತು. ಮನೋವೈದ್ಯನಾಗಿ ವಿಷ್ಣುವರ್ಧನ್, ಆಚಾರ್ಯರಾಗಿ ಅವಿನಾಶ್, ನಾಗವಲ್ಲಿಯಾಗಿ ಸೌಂದರ್ಯ. ನನಗೆ ಆ ಚಿತ್ರದಲ್ಲಿ ಇಷ್ಟವಾಗುವುದು ಒಂದು ನಡವಳಿಕೆ. ವೈದ್ಯ ಆಚಾರ್ಯರನ್ನು ಹೊರಗೆ ಕಳಿಸುವುದಿಲ್ಲ, ಆಚಾರ್ಯರು ವೈದ್ಯನ ಕೈಯಿಂದ ರೋಗಿಯನ್ನು ಕಿತ್ತುಕೊಳ್ಳುವುದಿಲ್ಲ. ಇಬ್ಬರೂ ಕೂತು ಮಾತಾಡಿ, ಆಚಾರ್ಯರ ವಿಧಿಯೊಳಗೇ ವೈದ್ಯನ ಚಿಕಿತ್ಸೆಯನ್ನು ಇಡುತ್ತಾರೆ. ಪ್ರತಿಕೃತಿ ಸುಡಿಸಿ ಒಂದೇ ರಾತ್ರಿಯಲ್ಲಿ ವಾಸಿಮಾಡುವುದು ಸಿನಿಮಾದ ಮಾತು, ನಮ್ಮ ಆಸ್ಪತ್ರೆಯಲ್ಲಿ ನಿರೀಕ್ಷಿಸಬೇಡಿ. ವ್ಯತ್ಯಾಸವೆಂದರೆ ‘ಆಪ್ತಮಿತ್ರ’ ಗಂಗಾಳ ಕಾಯಿಲೆಗೆ ಸ್ಪಷ್ಟ ಹೆಸರು ಕೊಡುತ್ತದೆ. ‘ಈವಿಲ್’ ಅನೇಕ ಸಲ ಹೆಸರು ಕೊಡದೆ ಎದ್ದು ಹೋಗುತ್ತದೆ.

● ದೆವ್ವ ಇದ್ದರೂ ಇರಬಹುದು ಎನ್ನುವ ಧಾರಾವಾಹಿಯನ್ನು ವೈದ್ಯರಾದ ನೀವು ಹೊಗಳುವುದೇ? ಎಚ್. ನರಸಿಂಹಯ್ಯನವರ ನಾಡಿನಲ್ಲಿ ಕೂತು?
— ಒಬ್ಬ ವಿಚಾರವಾದಿ, ತುಮಕೂರು

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು, ಪರೀಕ್ಷೆಗೆ ಅವಕಾಶ ಸಿಗಲಿಲ್ಲ. ಅವರು ಕೇಳಿದ್ದು ‘ಎಲ್ಲರ ಎದುರು, ನಮ್ಮ ಷರತ್ತಿನಲ್ಲಿ ಇನ್ನೊಮ್ಮೆ ಮಾಡಿ ತೋರಿಸಿ’ ಎಂದಷ್ಟೇ. ‘ಈವಿಲ್’ ಎಡವುವುದು ಇಲ್ಲಿಯೇ. ಪರೀಕ್ಷೆ ಶುರುಮಾಡುತ್ತದೆ, ಮುಗಿಸುವುದಿಲ್ಲ. ಮೊದಲ ಸೀಸನ್ನಿನಲ್ಲಿ ಅನುಮಾನ ಉಳಿಸಿದ ಎಷ್ಟೋ ಸಂಗತಿಗಳನ್ನು ಕೊನೆಕೊನೆಗೆ ಕೊಂಬು ಬಾಲ ಸಮೇತ ತೋರಿಸಿಬಿಡುತ್ತದೆ. ಮೇಕೆ ಮುಖದ ಪಿಶಾಚಿಯೊಂದನ್ನು ಚಿಕಿತ್ಸಕನ ಕುರ್ಚಿಯಲ್ಲಿ ಕೂರಿಸಿದ್ದಕ್ಕೆ ನಮ್ಮ ವೃತ್ತಿಯವರ ಪರವಾಗಿ ನನ್ನ ಪ್ರತಿಭಟನೆಯೂ ಇದೆ.

ಉಳಿದರ್ಧಕ್ಕೆ ನನ್ನ ಉತ್ತರ ಇದು. ಧಾರಾವಾಹಿ ಕಟ್ಟಿದ ರಾಬರ್ಟ್ ಮತ್ತು ಮಿಶೆಲ್ ಕಿಂಗ್ ಗಂಡಹೆಂಡತಿ. ಅವರು ಶ್ರದ್ಧೆಯ ಕ್ಯಾಥೊಲಿಕ್, ಆಕೆ ಯೆಹೂದಿ ಮನೆತನದವರು, ಧಾರ್ಮಿಕರಲ್ಲ. ಮನೆಯ ವಾದವನ್ನೇ ಅವರು ತೆರೆಗೆ ತಂದರು. ಅದರಲ್ಲಿ ಗಂಡ ಗೆದ್ದನೋ ಹೆಂಡತಿಯೋ ಎಂಬುದು ನನಗೆ ಮುಖ್ಯವಲ್ಲ. ಹುಡುಗಿಯರು ತಿರಸ್ಕರಿಸಿದರೆಂದು ಕುದಿಯುವ ಒಬ್ಬ ಒಂಟಿ ಹುಡುಗನನ್ನು ಲೀಲೆಂಡ್ ಬೆನ್ನು ತಟ್ಟುತ್ತ ಕೊಲೆಯ ಕಡೆಗೆ ತಳ್ಳುತ್ತಾನೆ. ಆ ಕಂತುಗಳಲ್ಲಿ ಪಿಶಾಚಿಯ ಅಗತ್ಯವೇ ಬೀಳುವುದಿಲ್ಲ, ಒಬ್ಬ ಕಿವಿಯೂದುವವನು ಸಾಕು. ಇದನ್ನು ತೋರಿಸುವ ಧಾರಾವಾಹಿಯನ್ನು ಮೂಢನಂಬಿಕೆಯ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

● ನಮ್ ತಂಗಿಗೆ ಹದಿನೈದ್ ದಿನದಾಗ ಏನೇನೋ ಆಗ್ಯದರಿ. ನಿದ್ದಿ ಇಲ್ಲ, ಒಬ್ಬಕಿನೇ ಮಾತಾಡ್ತಾಳ, ಎರಡ್ ಸಲ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿಸಿದ್ರ ಎಲ್ಲಾ ಸರಿ ಅದ ಅಂದ್ರು. ‘ಸ್ಕ್ಯಾನ್‌ನಾಗ ಇಲ್ಲಂದ್ರ ಬಾನಾಮತಿನೇ’ ಅಂತ ಹಿರಿಯರು ಮಾಂತ್ರಿಕನ ಕಡಿ ಕರ್ಕೊಂಡ್ ಹೊಂಟಾರ.
— ಅಣ್ಣ, ಕಲಬುರಗಿ ಜಿಲ್ಲೆ

ಈ ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿದ್ದೇನೆ. ಇಂಥದ್ದೇ ಸ್ಥಿತಿಯಲ್ಲಿರುವ ಬೇರೆ ಮನೆಯವರಿಗೂ ಗೊತ್ತಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಸ್ಕ್ಯಾನ್ ಸರಿಯಿದೆ ಎಂದರೆ ಕಾಯಿಲೆ ಇಲ್ಲ ಎಂದಲ್ಲ.

2009ರಲ್ಲಿ ನ್ಯೂಯಾರ್ಕಿನ ಪತ್ರಕರ್ತೆ ಸುಸಾನಾ ಕಹಲನ್ ಅವರಿಗೂ ಹೀಗೇ ಆಯಿತು. 24 ವರ್ಷ. ಅನುಮಾನ, ಕೂಗಾಟ, ಫಿಟ್ಸ್. ಮೊದಮೊದಲ ಸ್ಕ್ಯಾನ್ ಸರಿಯಾಗಿತ್ತು. ಕೊನೆಗೆ ನರವೈದ್ಯ ಸುಹೇಲ್ ನಜ್ಜಾರ್ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಆಕೆ ಒಂದರಿಂದ ಹನ್ನೆರಡರವರೆಗೆ ಎಲ್ಲ ಅಂಕಿಗಳನ್ನೂ ವೃತ್ತದ ಬಲಭಾಗದಲ್ಲೇ ಒತ್ತೊತ್ತಾಗಿ ಬರೆದರು, ಎಡಭಾಗ ಖಾಲಿ. ಮೆದುಳಿನ ಬಲಗಡೆ ಉರಿಯೂತವಿದೆ ಎಂಬ ಸುಳಿವು ಸಿಕ್ಕಿದ್ದು ಆ ಹಾಳೆಯಿಂದ. ದೇಹದ ರೋಗನಿರೋಧಕ ಶಕ್ತಿ ತನ್ನ ಮೆದುಳಿನ ಮೇಲೇ ತಿರುಗಿಬೀಳುವ ಈ ಕಾಯಿಲೆಯನ್ನು ಜೋಸೆಫ್ ದಲ್ಮಾವು ತಂಡ ಗುರುತಿಸಿ ವಿವರಿಸಿದ್ದು 2007ರಲ್ಲಷ್ಟೇ. ಬೇಗ ಹಿಡಿದರೆ ಚಿಕಿತ್ಸೆ ಇದೆ. ಕಹಲನ್ ಗುಣವಾಗಿ ಮತ್ತೆ ಬರವಣಿಗೆಗೆ ಮರಳಿದರು.

ನಿಮ್ಮ ತಂಗಿಗೆ ಇದೇ ಆಗಿದೆ ಎನ್ನುತ್ತಿಲ್ಲ. ಹದಿನೈದು ದಿನದಲ್ಲಿ ಸ್ವಭಾವವೇ ಬದಲಾಗಿ, ಜೊತೆಗೆ ಫಿಟ್ಸ್ ಬಂದರೆ ಅದು ನರವೈದ್ಯರು ನೋಡಲೇಬೇಕಾದ ತುರ್ತು. ಬಿಡಿಸುತ್ತೇನೆಂದು ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಇಲ್ಲಿ ಅಪರಾಧ. ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕಾಯ್ದೆಯ ಪ್ರಕಾರ ಒಂದರಿಂದ ಏಳು ವರ್ಷದವರೆಗೆ ಜೈಲು. ಹಿರಿಯರೊಡನೆ ಜಗಳಕ್ಕೆ ನಿಲ್ಲಬೇಡಿ. ‘ನಿಮ್ಮ ಪೂಜೆ ಆಗಲಿ, ನಾಳೆ ಬೆಳಗ್ಗೆ ಆಸ್ಪತ್ರೆಗೂ ಹೋಗೋಣ’ ಎನ್ನಿ. ದಾರಿ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

● ನಾನು ಹಳ್ಳಿಯ ದೇವಸ್ಥಾನದ ಅರ್ಚಕ. ಗಾಳಿ ಸೋಕಿದೆ ಎಂದು ಜನರನ್ನು ಕರೆತರುತ್ತಾರೆ. ದಾರ ಕಟ್ಟಿ, ತೀರ್ಥ ಕೊಟ್ಟು ಕಳಿಸುತ್ತೇನೆ. ಮಗಳ ಜೊತೆ ‘ಈವಿಲ್’ ನೋಡಿದ ಮೇಲೆ ಡೇವಿಡ್‌ಗೆ ಇಬ್ಬರು ಜೊತೆಗಾರರಿದ್ದಾರೆ, ನನಗೆ ಯಾರೂ ಇಲ್ಲವಲ್ಲ ಅನಿಸಿತು.
— ಅರ್ಚಕರು, ಮಂಡ್ಯ ಜಿಲ್ಲೆ

ಸ್ವಾಮಿ, ಈ ಸಲ ಬಂದ ಪತ್ರಗಳಲ್ಲಿ ನಿಮ್ಮದೇ ದೊಡ್ಡದು. ಜನ ನಮ್ಮ ಹತ್ತಿರ ಬರುವ ಮುಂಚೆ ನಿಮ್ಮ ಹತ್ತಿರ ಬರುತ್ತಾರೆ, ನಿಮ್ಮ ಮಾತು ಕೇಳುತ್ತಾರೆ.

ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆ ಕರೆತಂದ ಮನೋರೋಗಿಗಳನ್ನು ಸುತ್ತಲಿನ ಗುಡಿಸಲುಗಳಲ್ಲಿ ಸರಪಳಿ ಹಾಕಿ ಇಟ್ಟಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಒಂದು ಕಡೆ ಬೆಂಕಿ ಬಿತ್ತು. ಓಡಲಾಗದೆ 28 ಜನ ಸತ್ತರು. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ದಾರಿ ಹಿಡಿದರು. 2008ರ ಸುಮಾರಿನಿಂದ ಅಲ್ಲಿನ ಮುಜಾವರರು ಪ್ರಾರ್ಥನೆ ಮುಗಿಸಿ, ರೋಗಿಯನ್ನು ಅದೇ ಆವರಣದಲ್ಲಿ ಕೂತಿರುವ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ‘ದವಾ ಮತ್ತು ದುವಾ’ ಎಂದು ಅದರ ಹೆಸರು. ಯಾರ ನಂಬಿಕೆಗೂ ಊನವಾಗಿಲ್ಲ.

ನೀವು ದಾರ ಕಟ್ಟುವುದನ್ನು ಬಿಡಬೇಕಿಲ್ಲ. ಕಟ್ಟುವಾಗ ನಾಲ್ಕು ಮಾತು ಕೇಳಿ. ಜ್ವರ ಇದೆಯೇ, ಫಿಟ್ಸ್ ಬಂದಿತ್ತೇ? ನಿದ್ದೆ, ಊಟ ಬಿಟ್ಟು ಎಷ್ಟು ದಿನವಾಯಿತು? ಇತ್ತೀಚೆಗೆ ಹೆರಿಗೆಯಾಗಿದೆಯೇ? ಸಾಯುವ ಮಾತು ಆಡುತ್ತಿದ್ದಾರೆಯೇ? ಬಾಣಂತಿ ಸನ್ನಿಯಲ್ಲಿ ತಾಯಿ, ಮಗು ಎರಡು ಜೀವಕ್ಕೂ ಅಪಾಯ, ಒಂದು ರಾತ್ರಿಯೂ ಕಾಯುವಂತಿಲ್ಲ. ಇವುಗಳಲ್ಲಿ ಯಾವುದಕ್ಕೆ ‘ಹೌದು’ ಎಂದರೂ ಅವತ್ತೇ ಆಸ್ಪತ್ರೆಗೆ ಕಳಿಸಿ. ‘ಡಾಕ್ಟರಿಗೆ ತೋರಿಸಿ ಚೀಟಿ ತಂದರೆ ಮಾತ್ರ ಮುಂದಿನ ಪೂಜೆ’ ಎಂದು ನೀವು ಹೇಳಿದರೆ ಜನ ಹೋಗುತ್ತಾರೆ. ನಾನು ಹೇಳಿದರೆ ಹೋಗುವುದಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ವಾರ ಬರುತ್ತಾರೆ ಎಂದು ವಿಚಾರಿಸಿ, ಅದನ್ನು ದೇವಸ್ಥಾನದ ಬೋರ್ಡಿನಲ್ಲಿ ಸೇವಾ ದರಗಳ ಕೆಳಗೆ ಬರೆಸಿ ಹಾಕಿ. ಜೊತೆಗಾರರು ಬೇಕೆಂದಿರಲ್ಲ, ಹುಡುಕಲು ಶುರುಮಾಡಬೇಕಾದದ್ದು ಅಲ್ಲಿಂದ.